ಎಂಜಿನ್ ಬದಲಿಸಿದರೆ ಕಾರಿಗೆ ಮೈಲಿಗೆಯೇ?

ಹಳೇ ಸ್ಪೋರ್ಟ್ಸ್ ಕಾರು ಸಾಕುವವರಲ್ಲಿ ಇರುವಷ್ಟು ಮಡಿ ನಮ್ಮಜ್ಜಿಯ ಅಡಿಗೆಮನೆಯಲ್ಲೂ ಇರಲಿಲ್ಲ ಬಿಡಿ. 1960ರ ದಶಕದ ಒಂದು ಎಂಜಿಬಿಯ ಬಾನೆಟ್ ಎತ್ತಿದಾಗ ಒಳಗೆ ಹೊಸ ಕಾಲದ ಬೇರೆ ಎಂಜಿನ್ ಕಂಡಿತೋ, ಸುತ್ತ ನಿಂತ ಭಕ್ತರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. "ಛೆ, ಕಾರು ಹಾಳಾಯ್ತು" ಅನ್ನುತ್ತಾರೆ. ಹಾಳಾದದ್ದು ಏನು ಅಂತ ಕೇಳಿ ನೋಡಿ. "ಅಸಲಿತನ" ಅನ್ನುವ ಒಂದೇ ಪದ ಬರುತ್ತದೆ, ಅದರ ಮುಂದೆ ಮಾತಿಲ್ಲ. ಈ ಅಸಲಿತನದ ಬಗ್ಗೆಯೇ ನನ್ನ ತಕರಾರು.

ಮೊದಲೇ ಹೇಳಿಬಿಡುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ, ಎಂಜಿನಿಯರ್ ಅಲ್ಲ. ಬಿ.ಕಾಂ. ಓದಿ ಬ್ಯಾಂಕ್ ಸೇರಿ, ಮೂವತ್ತು ವರ್ಷದಿಂದ ಮುಂಬಯಿಯಲ್ಲಿ ಇದ್ದೇನೆ. ಸ್ಪೋರ್ಟ್ಸ್ ಕಾರು ನನ್ನ ಹತ್ತಿರ ಇಲ್ಲ, ನಮ್ಮ ಸಂಬಳದಲ್ಲಿ ಬರುವುದೂ ಇಲ್ಲ. ಫೋರ್ಟಿನ ಫುಟ್‌ಪಾತಿನಲ್ಲಿ ಕೊಂಡ ಹಳೇ ಕಾರು ಪತ್ರಿಕೆಗಳ ಗಂಟೇ ನನ್ನ ಆಸ್ತಿ. ಆದರೆ ದಾಖಲೆ ಓದುವುದು ನನ್ನ ಕಸುಬು. ಈ ಅಸಲಿತನದ ದಾಖಲೆ ತೆರೆದು ನೋಡಿದರೆ ತುಂಬಾ ಮಜಾ ಇದೆ.

ಎಂಜಿಬಿಯನ್ನೇ ತೆಗೆದುಕೊಳ್ಳಿ. 1962ರಲ್ಲಿ ಬಂತು, 1980ರವರೆಗೆ ತಯಾರಾಯಿತು, ಐದು ಲಕ್ಷಕ್ಕೂ ಹೆಚ್ಚು. ಅದರ "ಪವಿತ್ರ" ಎಂಜಿನ್ ಯಾವುದು? 1798 ಸಿಸಿಯ ಬಿಎಂಸಿ ಬಿ-ಸೀರೀಸ್. (ಇದು ನಮ್ಮ ಮುಂಬಯಿ ಮಹಾನಗರಪಾಲಿಕೆ ಅಲ್ಲ ಮಾರಾಯ್ರೇ, ಬ್ರಿಟಿಷ್ ಮೋಟರ್ ಕಾರ್ಪೊರೇಷನ್.) ಸ್ಪೋರ್ಟ್ಸ್ ಕಾರಿಗೆಂದೇ ಹುಟ್ಟಿದ ಎಂಜಿನ್ ಅದಲ್ಲ, ಆಸ್ಟಿನ್ ಮೋರಿಸ್ ಸಂಸಾರಸ್ಥರ ಕಾರುಗಳಿಗೆ ಹಾಕುತ್ತಿದ್ದದ್ದು. ಅದೇ ವಂಶದ 1489 ಸಿಸಿ ಎಂಜಿನ್ ನಮ್ಮ ಅಂಬಾಸಿಡರ್‌ನಲ್ಲೂ ಇತ್ತು! ಸರ್ಕಾರಿ ಅಂಬಾಸಿಡರ್‌ನಲ್ಲಿ ಕೂತು ಓಡಾಡಿದವರೆಲ್ಲ ಎಂಜಿ ಕಾರಿನ ದಾಯಾದಿಯ ಬೆನ್ನೇರಿದ್ದವರೇ. ಮುಂದೆ ಹಿಂದೂಸ್ತಾನ್ ಮೋಟರ್ಸ್ ತಾನೇ ಆ ಎಂಜಿನ್ ಪಕ್ಕಕ್ಕಿಟ್ಟು, ಮೊದಲು ಕಾಂಟೆಸ್ಸಾಗೆ, 1990ರ ದಶಕದ ಆರಂಭದಲ್ಲಿ ಅಂಬಾಸಿಡರ್‌ಗೆ, ಜಪಾನಿನ ಇಸುಝು 1.8 ಲೀಟರ್ ಎಂಜಿನ್ ಕೂರಿಸಿತು. ಅದಕ್ಕೆ ಯಾರಾದರೂ ಸೂತಕ ಹಿಡಿದರೇ? ಏರು ದಾರಿಯಲ್ಲಿ ಗಾಡಿ ಸಲೀಸಾಗಿ ಹತ್ತುತ್ತದೆ ಅಂತ ಖುಷಿಪಟ್ಟರು.

ಈಗ ಎಸಿ ಕೋಬ್ರಾ ಕಥೆ. ಶುದ್ಧವಾದಿಗಳು ಕೈ ಮುಗಿಯುವ ಕಾರು ಇದು. ಇಂಗ್ಲೆಂಡಿನ ಎಸಿ ಕಂಪನಿ 1953ರಲ್ಲಿ ಏಸ್ ಅನ್ನುವ ಚಂದದ ಕಾರು ಮಾಡಿತು. ಎಂಜಿನ್ ಮಾತ್ರ 1919ರ ಸುಮಾರಿಗೆ ರೂಪುಗೊಂಡಿದ್ದ ಮುದುಕ. ಅದು ಸಾಲದು ಅಂತ 1956ರಲ್ಲಿ ಬ್ರಿಸ್ಟಲ್ ಎಂಜಿನ್ ಬಂತು. ಆ ಬ್ರಿಸ್ಟಲ್ ಎಂಜಿನ್ನಿನ ಮೂಲ ಯುದ್ಧಕ್ಕೆ ಮುಂಚಿನ ಜರ್ಮನಿಯ ಬಿಎಂಡಬ್ಲ್ಯು 328! ಬ್ರಿಸ್ಟಲ್‌ನವರು ಅದನ್ನು ನಿಲ್ಲಿಸಿದಾಗ 1961ರಲ್ಲಿ ಫೋರ್ಡ್ ಝೆಫಿರ್ ಎಂಜಿನ್ ಬಂತು. 1962ರಲ್ಲಿ ಕ್ಯಾರಲ್ ಶೆಲ್ಬಿ ಅನ್ನುವ ಅಮೆರಿಕದ ಮಾಜಿ ರೇಸ್ ಚಾಲಕ, ಹಿಂದೆ ಕೋಳಿ ಸಾಕಿ ಕೈ ಸುಟ್ಟುಕೊಂಡಿದ್ದವನು, ಅದೇ ಕಾರಿಗೆ ಫೋರ್ಡಿನ ವಿ8 ಇಳಿಸಿದ. ಹತ್ತು ವರ್ಷದೊಳಗೆ ಒಂದೇ ಮೈಗೆ ನಾಲ್ಕು ಎಂಜಿನ್. ಇವತ್ತು ನೂರಾರು ಕಾರ್ಖಾನೆಗಳು ನಕಲು ಮಾಡುವುದು ಆ ನಾಲ್ಕನೆಯದನ್ನೇ. ಎರಡು ವರ್ಷದ ನಂತರ ಸನ್‌ಬೀಮ್ ಆಲ್ಪೈನ್‌ಗೂ ಹಾಗೆಯೇ ಫೋರ್ಡ್ ವಿ8 ಇಟ್ಟು ಟೈಗರ್ ಅಂತ ಹೆಸರಿಟ್ಟರು. ಹೀಗಿರುವಾಗ ಯಾವ ವರ್ಷದಿಂದ ಎಂಜಿನ್ ಬದಲಿಸುವುದು ಪಾಪ ಆಯಿತು ಅಂತ ಯಾರಾದರೂ ಹೇಳಲಿ.

"ಅದನ್ನು ಕಂಪನಿಯವರು ಮಾಡಿದ್ದು, ಇದನ್ನು ಗ್ಯಾರೇಜಿನವನು ಮಾಡಿದ್ದು" ಅನ್ನುವ ವಾದ ಬರುತ್ತದೆ, ಗೊತ್ತು. ಅದಕ್ಕೂ ಎಂಜಿಯಲ್ಲೇ ಉತ್ತರ ಇದೆ. 1967ರಲ್ಲಿ ಕಂಪನಿಯೇ ಎಂಜಿಬಿಗೆ ಆರು ಸಿಲಿಂಡರಿನ, ಬೀಡುಕಬ್ಬಿಣದ ಭಾರೀ ಎಂಜಿನ್ ತುರುಕಿ ಎಂಜಿಸಿ ಅಂತ ಮಾರಿತು. ಮೂತಿ ಭಾರವಾಗಿ ತಿರುವಿನಲ್ಲಿ ಕಾರು ಮಾತು ಕೇಳುವುದಿಲ್ಲ ಅಂತ ಪತ್ರಿಕೆಗಳು ಜಾಡಿಸಿದವು, 1969ರಲ್ಲಿ ಅಂಗಡಿ ಮುಚ್ಚಿತು. ಅದಾದ ಮೇಲೆ ಕೆನ್ ಕಾಸ್ಟೆಲ್ಲೊ ಅನ್ನುವ ಖಾಸಗಿ ಮನುಷ್ಯ ರೋವರ್ ಕಂಪನಿಯ ಅಲ್ಯೂಮಿನಿಯಂ ವಿ8 ಕೂರಿಸಿ ತೋರಿಸಿದ. ಆ ಎಂಜಿನ್ ಹುಟ್ಟಿದ್ದು ಅಮೆರಿಕದ ಬ್ಯೂಯಿಕ್‌ನಲ್ಲಿ, ಅವರು ಬೇಡ ಅಂತ ಬಿಟ್ಟದ್ದನ್ನು ರೋವರ್ ಕೊಂಡಿತ್ತು. ಮೂರೂವರೆ ಲೀಟರ್ ಆದರೂ ತೂಕ ಹಳೇ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಹೆಚ್ಚೂಕಡಿಮೆ ಸಮ. ಕಂಪನಿಯವರು ಕಾಸ್ಟೆಲ್ಲೊನ ಕಾರು ತರಿಸಿ ನೋಡಿದರು. 1973ರಲ್ಲಿ ತಮ್ಮದೇ ಎಂಜಿಬಿ ಜಿಟಿ ವಿ8 ಹೊರತಂದರು. ಗ್ಯಾರೇಜಿನವನು ಪಾಠ ಹೇಳಿದ, ಕಂಪನಿ ಕಾಪಿ ಹೊಡೆಯಿತು.

ಇನ್ನು, "ಅಸಲಿ" ಅಂತ ಎದೆ ತಟ್ಟುವ ಕಾರುಗಳು ಎಷ್ಟು ಅಸಲಿ? ಆ ಕಾಲದ ಎಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲಿಗೆ ಮಾಡಿದವು. ನಮ್ಮ ದೇಶದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಬುದ್ಧಿವಂತ ಮಾಲೀಕರು ಹೆಡ್ ಬಿಚ್ಚಿಸಿ ಗಟ್ಟಿ ವಾಲ್ವ್ ಸೀಟು ಹಾಕಿಸಿಕೊಂಡರು. ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು, ರೇಡಿಯೇಟರಿಗೆ ಕರೆಂಟಿನ ಫ್ಯಾನ್ ಬಂತು. ಅದೆಲ್ಲ ಸರಿ, ಎಂಜಿನ್ ಮಾತ್ರ ಮುಟ್ಟಬಾರದು! ಈರುಳ್ಳಿ ತಿನ್ನಬಹುದು, ಬೆಳ್ಳುಳ್ಳಿ ಮಾತ್ರ ಬೇಡ ಅಂದ ಹಾಗೆ.

(ಊರಿಗೆ ಹೋದರೆ ನನಗೂ ಇದೇ ಗೋಳು. "ನಿನ್ನ ಕನ್ನಡದಲ್ಲಿ ಮರಾಠಿ ವಾಸನೆ" ಅಂತಾರೆ. ಇರಲಿ.)

ನಿಜವಾದ ಕಾರಣ ಬೇರೆ ಇದೆ. "ಮ್ಯಾಚಿಂಗ್ ನಂಬರ್" ಅಂತಾರಲ್ಲ, ಅಂದರೆ ಕಾರ್ಖಾನೆಯಿಂದ ಹೊರಡುವಾಗ ಇದ್ದ ಎಂಜಿನ್ನೇ ಈಗಲೂ ಇದೆ ಅನ್ನುವುದು, ಅದಿದ್ದರೆ ಹರಾಜಿನಲ್ಲಿ ಬೆಲೆ ಹೆಚ್ಚು. ಅದು ಕಾರಿನ ಮೇಲಿನ ಪ್ರೀತಿ ಅಲ್ಲ, ಅಡಮಾನದ ಲೆಕ್ಕ. ಬ್ಯಾಂಕಿನವನಾಗಿ ಹೇಳುತ್ತೇನೆ, ಆ ಲೆಕ್ಕ ತಪ್ಪಲ್ಲ. ಆದರೆ ಓಡಿಸುವುದಕ್ಕೆ ಕಾರು ಇಟ್ಟುಕೊಂಡವನಿಗೆ ಲಾಕರಿನಲ್ಲಿ ಚಿನ್ನ ಇಟ್ಟವನು ನೀತಿಪಾಠ ಹೇಳಬಾರದು.

ಹಾಗಂತ ಕಂಡಕಂಡದ್ದನ್ನು ಕತ್ತರಿಸಿ ಅಂತಲ್ಲ. ಬೆರಳೆಣಿಕೆಯಷ್ಟೇ ಉಳಿದ ಕಾರಿಗೆ ಕೈ ಹಾಕಬೇಡಿ. ಎಂಜಿನ್ನೇ ಜೀವ ಆಗಿರುವ ಕಾರುಗಳಿವೆ, ಹಳೇ ಪೋರ್ಷೆ 911ರ ಗಾಳಿ ತಂಪಿನ ಎಂಜಿನ್ ಥರದ್ದು, ಅದನ್ನು ಕಿತ್ತರೆ ನನಗೂ ಬೇಜಾರೇ. ಶಕ್ತಿ ಎರಡು ಪಟ್ಟು ಮಾಡಿ ಬ್ರೇಕು ಹಳೆಯದೇ ಬಿಟ್ಟವನನ್ನು ನಾನು ಮಾಲೀಕ ಅನ್ನುವುದಿಲ್ಲ, ಅಪಾಯ ಅನ್ನುತ್ತೇನೆ. ಬದಲಿಸಿದ್ದನ್ನು ಮುಚ್ಚಿಟ್ಟು ಮಾರುವವನಂತೂ ಶುದ್ಧ ಕಳ್ಳ. ಸಾಲದ ಫೈಲಿನಲ್ಲಿ ಆರ್.ಸಿ. ಬುಕ್ಕಿನ ಎಂಜಿನ್ ನಂಬರ್ ಒಂದು, ಗಾಡಿಯಲ್ಲಿ ಕೊರೆದದ್ದು ಇನ್ನೊಂದು, ಇಂಥವನ್ನು ಸಾಕಷ್ಟು ವಾಪಸ್ ಕಳಿಸಿದ್ದೇನೆ. ಆರ್‌ಟಿಓ ಒಪ್ಪಿಗೆ ತೆಗೆದುಕೊಂಡು, ಕಾಗದದಲ್ಲಿ ಬರೆಸಿ, ಎದೆ ಸೆಟೆಸಿ ಓಡಿಸಿ.

ಆದರೆ ಕಾಗದವೇ ಈಗ ತಕರಾರು ಮಾಡುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, 20,000 ರೂಪಾಯಿ ಕಟ್ಟಿದರೆ "ವಿಎ" ಅಕ್ಷರದ ನಂಬರ್, ಹತ್ತು ವರ್ಷಕ್ಕೆ. ಒಳ್ಳೆಯದೇ. ಆದರೆ ಚಾಸಿಸ್, ಬಾಡಿ, ಎಂಜಿನ್, ಯಾವುದರಲ್ಲೂ ಮಾರ್ಪಾಡು ಆಗಿರಬಾರದು ಅಂತ ಷರತ್ತು. ಬ್ರಿಟನ್ನಿನಲ್ಲಿ ಬಹುಕಾಲ ಒಂದು ಅಂಕದ ಲೆಕ್ಕ ನಡೆಯುತ್ತಿತ್ತು. ಮಾರ್ಪಾಡಾದ ಗಾಡಿಗೆ ಹಳೇ ನಂಬರ್ ಉಳಿಯಲು ಎಂಟು ಅಂಕ ಬೇಕು, ಚಾಸಿಸ್‌ಗೆ ಐದು, ಸ್ಟಿಯರಿಂಗ್, ಸಸ್ಪೆನ್ಷನ್, ಆಕ್ಸಲ್, ಗೇರ್ ಇವಕ್ಕೆ ಎರಡೆರಡು, ಎಂಜಿನ್ನಿಗೆ ಒಂದೇ ಒಂದು! ಕಾರು ಹುಟ್ಟಿದ ದೇಶದಲ್ಲಿ ಒಂದು ಅಂಕ, ನಮ್ಮಲ್ಲಿ ಪೂರಾ ಫೇಲ್. 1971ರಲ್ಲೇ ವಿ8 ಹಾಕಿಸಿಕೊಂಡ ಎಂಜಿಬಿ ಇದ್ದರೆ ಆ ಬದಲಾವಣೆಗೇ ಐವತ್ತು ದಾಟಿದೆ. ಅದು ಚರಿತ್ರೆ ಅಲ್ಲದೆ ಮತ್ತೇನು?

ನಾನು ಕೇಳುವುದು ಹೆಚ್ಚೇನಲ್ಲ. ಚಾಸಿಸ್ ಕತ್ತರಿಸದೆ, ಮತ್ತೆ ಹಿಂದಿನಂತೆ ಮಾಡಲು ಬರುವ ಹಾಗೆ ಎಂಜಿನ್ ಬದಲಿಸಿದ, ಬ್ರೇಕು ತಕ್ಕಂತೆ ಬಲಪಡಿಸಿದ, ಹಳೇ ಎಂಜಿನ್ನಿಗೆ ಗ್ರೀಸ್ ಹಚ್ಚಿ ಗ್ಯಾರೇಜಿನ ಮೂಲೆಯಲ್ಲಿ ಜೋಪಾನ ಮಾಡಿದ ಕಾರಿಗೆ ಆ ನಿಯಮದಲ್ಲಿ ಒಂದು ಸಾಲಿನ ಜಾಗ ಕೊಡಿ. ಬೇಕಾದರೆ ನೋಂದಣಿಯಲ್ಲಿ "ಎಂಜಿನ್ ಬದಲಾಗಿದೆ" ಅಂತ ದಪ್ಪಕ್ಷರದಲ್ಲಿ ಬರೆಯಿರಿ.

ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ಬರುವ ಮುಂಚೆ ನಿಮ್ಮ ಕಾರಿನ ವಾಲ್ವ್ ಸೀಟು ಯಾವ ಕಾಲದ್ದು ಅಂತ ಒಮ್ಮೆ ನೋಡಿಕೊಂಡು ಬನ್ನಿ.