ಮನೆಯ ಮಾತು: ಹುಣ್ಣಿಮೆಯ ಬಿಡಾರ

ಬೇಸಗೆಯ ರಜವು ವಿಶ್ರಾಂತಿಯ ಕಾಲವೆಂದು ಮೊದಲು ಹೇಳಿದವರು ಯಾರೋ ನಾವರಿಯೆವು. ಅವರು ಗೃಹಿಣಿಯರಾಗಿರಲಾರರೆಂಬುದು ಮಾತ್ರ ನಿಶ್ಚಯ. ಏಪ್ರಿಲ್ ತಿಂಗಳಲ್ಲಿ ಶಾಲೆಯ ಬಾಗಿಲು ಮುಚ್ಚಿತೆಂದರೆ ಮನೆಯ ಬಾಗಿಲು ಮುಚ್ಚುವಂತಿಲ್ಲ. ಹಪ್ಪಳ ಸಂಡಿಗೆಗಳಿಗೆ ಹದವಾದ ಬಿಸಿಲು ಬೀಳುವುದು ಆಗಲೇ. ಮದುವೆ ಮುಂಜಿಗಳ ಕರೆಯೋಲೆಗಳು ಬಂದು ಬೀಳುವುದೂ ಆಗಲೇ. ಬುಟ್ಟಿಯಲ್ಲಿ ತಂದಿಟ್ಟ ರಸಪುರಿ ಹಣ್ಣುಗಳೆಲ್ಲವೂ ಒಂದೇ ದಿನ ಮಾಗಿ, ಇಂದು ತಿನ್ನದಿದ್ದರೆ ನಾಳೆ ಇಲ್ಲವೆಂದು ಬೆದರಿಸುವುದೂ ಆಗಲೇ. ಇವೆಲ್ಲಕ್ಕೂ ಮಿಗಿಲಾಗಿ, ನಮ್ಮ ಮನೆಯಲ್ಲಿ ಈ ಎರಡು ತಿಂಗಳೊಳಗೆ ಹುಟ್ಟುಹಬ್ಬಗಳು ಬರುವುವು. ಮಗನದು ಏಪ್ರಿಲ್ ನಡುವೆ, ಮಗಳದು ಮೇ ತಿಂಗಳ ಮೊದಲ ವಾರದಲ್ಲಿ. ಕಳೆದ 2025ನೆಯ ಇಸವಿಯ ಬೇಸಗೆಯಲ್ಲಿ ಇವುಗಳಿಗೆ ಮೂರನೆಯದೊಂದು ಸೇರಿತು. ಈ ತಿಂಗಳ ನಮ್ಮ ಮಾತು ಅದನ್ನು ಕುರಿತದ್ದು.

ಮಗನು ಹನ್ನೊಂದು ವರ್ಷದವನು. ಮೈಸೂರಿನ ರಂಗಾಯಣದವರು ಬೇಸಗೆಯಲ್ಲಿ ಮಕ್ಕಳಿಗಾಗಿ ನಡೆಸುವ ಚಿಣ್ಣರ ಮೇಳಕ್ಕೆ ಹೋಗಿ, ಬಣ್ಣ ಬಳಿದ ಮುಖದಲ್ಲಿಯೇ ಮನೆಗೆ ಬಂದು, ಊಟದ ಎಲೆಯ ಮುಂದೆ ಕುಳಿತು ಹುಲಿಯಂತೆ ಗರ್ಜಿಸುವನು. ಹುಟ್ಟುಹಬ್ಬಕ್ಕೆ ಬೇರೆಯವರಂತೆ ಬಾಡಿಗೆಯ ಸಭಾಂಗಣ, ಬಲೂನುಗಳ ಕಮಾನು, ಬಂದವರಿಗೆಲ್ಲ ಮರುದಿನವೇ ಮುರಿಯತಕ್ಕ ಪ್ಲಾಸ್ಟಿಕ್ ಆಟಿಕೆಗಳು ಬೇಕೆಂದು ಅವನು ಕೇಳಲಿಲ್ಲ. ಮೇಳದ ಗೆಳೆಯರು ಎಂಟು ಮಂದಿಗೆ ಮಾವಿನ ಹಣ್ಣಿನ ಸೀಕರಣೆ, ಪೂರಿ ಬೇಕೆಂದು ಕೇಳಿದನು. ಎಂಟು ಮಂದಿ ಹದಿನಾಲ್ಕು ಮಂದಿಯಾದರು. ಹಿಟ್ಟು ಮೂರು ಸಲ ಕಲಸಬೇಕಾಯಿತು. ಮೊಂಬತ್ತಿ ಆರಿಸುವುದು ಒಳ್ಳೆಯದೋ ದೀಪ ಹಚ್ಚುವುದು ಒಳ್ಳೆಯದೋ ಎಂಬ ಚರ್ಚೆಯಲ್ಲಿ ನಮಗೆ ಆಸಕ್ತಿಯಿಲ್ಲ. ನಮ್ಮಲ್ಲಿ ಎರಡೂ ನಡೆಯುವುವು. ಬೆಳಿಗ್ಗೆ ಎಣ್ಣೆ ನೀರು, ಆರತಿ, ಸಾಯಂಕಾಲ ಮೊಂಬತ್ತಿ.

ಮಗಳ ಹತ್ತೊಂಬತ್ತನೆಯ ಹುಟ್ಟುಹಬ್ಬದಂದು ಮಾತು ಎಲ್ಲಿಂದಲೋ ಎಲ್ಲಿಗೋ ಹೋಯಿತು. ನಮ್ಮ ಅತ್ತೆಯವರು ಪಂಚಾಂಗವನ್ನು ನೋಡಿ, ಈ ಸಲ ಇವಳ ತಿಥಿಯೂ ತಾರೀಕೂ ಕೂಡಿ ಬಂದಿವೆ ಎಂದರು. ಮಗಳಿಗೆ ಗಣಿತವೆಂದರೆ ಅಕ್ಕರೆ. ಅದು ಏಕೆ ಹೀಗೆಂದು ಕಾಗದ ಹಿಡಿದು ಕುಳಿತಳು. ಚಾಂದ್ರಮಾನದ ಹನ್ನೆರಡು ತಿಂಗಳಿಗೆ ಸುಮಾರು 354 ದಿನಗಳು. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಡಮೆ. ಆದುದರಿಂದ ತಿಥಿಯ ಹುಟ್ಟುಹಬ್ಬವು ವರ್ಷವರ್ಷವೂ ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗಿ, ಹೆಚ್ಚು ಕಡಮೆ ಎರಡು ವರ್ಷ ಎಂಟು ತಿಂಗಳಿಗೊಮ್ಮೆ ಅಧಿಕ ಮಾಸವು ಬಂದಾಗ ಮುಂದಕ್ಕೆ ಹಾರುವುದು. ಈ ಓಡಾಟವೆಲ್ಲ ಮುಗಿದು ಎರಡು ಲೆಕ್ಕಗಳೂ ಕರಾರುವಾಕ್ಕಾಗಿ ಸಂಧಿಸುವುದು ಹತ್ತೊಂಬತ್ತು ವರ್ಷಗಳಿಗೆ. ಅಷ್ಟರಲ್ಲಿ ಚಂದ್ರನ 235 ಮಾಸಗಳು ತುಂಬಿರುವುವು. ಹಾಗಾಗಿ ಮನುಷ್ಯನ ಹತ್ತೊಂಬತ್ತನೆಯ, ಮೂವತ್ತೆಂಟನೆಯ, ಐವತ್ತೇಳನೆಯ, ಎಪ್ಪತ್ತಾರನೆಯ ಹುಟ್ಟುಹಬ್ಬಗಳಲ್ಲಿ ಅಜ್ಜಿಯ ಪಂಚಾಂಗಕ್ಕೂ ಗೋಡೆಯ ಕ್ಯಾಲೆಂಡರಿಗೂ ಜಗಳವಿಲ್ಲ. ಇದ್ದರೆ ಒಂದು ದಿನದ್ದು. ವಾಚಕಿಯರು ತಮ್ಮ ಮನೆಯ ಮಕ್ಕಳ ವಿಷಯದಲ್ಲಿ ಇದನ್ನು ನೋಡಿಕೊಳ್ಳಬಹುದು.

ಆಗ ಮಗನು ಕೇಳಿದನು: "ಅಜ್ಜಿ, ನಿನ್ನದು ಜೂನ್ ಒಂದು ಅಲ್ಲವೆ? ಅದರ ತಿಥಿ ಯಾವುದು?"

ಅತ್ತೆಯವರು ನಕ್ಕರು. ಜೂನ್ ಒಂದು ತಾವು ಹುಟ್ಟಿದ ದಿನವಲ್ಲ, ತಮ್ಮನ್ನು ಶಾಲೆಗೆ ಸೇರಿಸಿದ ಮೇಷ್ಟ್ರು ಹುಟ್ಟಿಸಿದ ದಿನ ಎಂದರು. ಆ ಕಾಲದವರಲ್ಲಿ ಎಷ್ಟೋ ಜನರ ಹುಟ್ಟು ದಾಖಲೆಯಲ್ಲಿ ಜೂನ್ 1 ಆಗಿರುವುದು ನಮ್ಮ ವಾಚಕರಿಗೆ ತಿಳಿಯದುದಲ್ಲ. ಶಾಲೆ ಆರಂಭವಾಗುವ ತಿಂಗಳದು. ತಾರೀಕು ತಿಳಿಯದ ಮಗುವಿಗೆ ಅದನ್ನು ಬರೆದರೆ ವಯಸ್ಸಿನ ಲೆಕ್ಕವು ಸುಲಭ. ಅತ್ತೆಯವರ ತಂದೆಯವರಿಗೆ ಮಗಳನ್ನು ಅವಳ ಅಣ್ಣನ ಜೊತೆಯಲ್ಲಿಯೇ ಕಳುಹಿಸುವ ಆಸೆ, ವಯಸ್ಸು ಸಾಲದು. ಮೇಷ್ಟ್ರು ಕನಿಕರದಿಂದ 1949ನೆಯ ಇಸವಿ ಜೂನ್ 1 ಎಂದು ಬರೆದುಬಿಟ್ಟರು. ಆ ಕನಿಕರದ ಬೆಲೆ ತಿಳಿದದ್ದು ಬಹುಕಾಲದ ಮೇಲೆ. ಅತ್ತೆಯವರು ತಾವೂ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯಾಗಿ, ಆಗಿನ ನಿಯಮದಂತೆ ಐವತ್ತೆಂಟು ತುಂಬಿತೆಂದು 2007ನೆಯ ಇಸವಿ ಮೇ 31ರಂದು ನಿವೃತ್ತರಾದಾಗ, ನಿಜದಲ್ಲಿ ಅವರಿಗೆ ಇನ್ನೂ ಒಂದು ವರ್ಷದ ಪಾಠವು ಉಳಿದಿತ್ತು. "ಸಂಬಳ ಹೋದರೆ ಹೋಗಲಿ, ಒಂದು ವರ್ಷದ ಮಕ್ಕಳು ಹೋದರು" ಎಂದು ಅಷ್ಟೇ ಹೇಳಿದರು.

ಹಾಗಾದರೆ ನಿಜವಾದ ದಿನ ಯಾವುದು? ಅದನ್ನು ಅವರ ತಂದೆಯವರು ಆ ವರ್ಷದ ಪಂಚಾಂಗದ ಅಂಚಿನಲ್ಲಿ ಬರೆದಿಟ್ಟಿದ್ದರಂತೆ. ಪಂಚಾಂಗವನ್ನು ಗೆದ್ದಲು ತಿಂದುಹೋಯಿತು. ತಾಯಿಯವರು ಹೇಳುತ್ತಿದ್ದ ಮಾತು ಮಾತ್ರ ನೆನಪಿನಲ್ಲಿ ಉಳಿದಿದೆ: ವಿಕೃತಿ ಸಂವತ್ಸರ, ವೈಶಾಖದ ಹುಣ್ಣಿಮೆ, ಮಂಗಳವಾರ. ಈ ಮಾತನ್ನು ಹೇಳುವಾಗ ಅತ್ತೆಯವರ ದನಿಯು ಬೇರೆಯಾಯಿತು.

ಮಗಳು ಲೆಕ್ಕ ಹಾಕಿದಳು. ಪ್ರಭವದಿಂದ ಅಕ್ಷಯದವರೆಗಿನ ಅರವತ್ತರಲ್ಲಿ ವಿಕೃತಿಯು ಇಪ್ಪತ್ತನಾಲ್ಕನೆಯದು. ನಮ್ಮ ಕಡೆಯ ಎಣಿಕೆಯಂತೆ 1950ರ ಯುಗಾದಿಯಂದು ಬಂದಿತ್ತು, ಮತ್ತೆ 2010ರಲ್ಲಿ ಬಂದಿತು. 1950ರ ವೈಶಾಖ ಪೂರ್ಣಿಮೆಯು ಮೇ 2. ವಾರವನ್ನು ಎಣಿಸಿದಳು, ಬೆರಳು ಮಡಿಸಿ ಒಮ್ಮೆ, ಕಾಗದದ ಮೇಲೆ ಒಮ್ಮೆ. ಮಂಗಳವಾರವೇ! ಎಪ್ಪತ್ತೈದು ವರ್ಷಗಳ ಕಾಲ ಬರಿಯ ಬಾಯಿಮಾತಾಗಿ ಬಂದ ವಾರವು ಲೆಕ್ಕದೊಡನೆ ಕೂಡಿಕೊಂಡಿತು. ಅತ್ತೆಯವರು ಕನ್ನಡಕ ತೆಗೆದು ಸೆರಗಿನಿಂದ ಒರಸಿ, "ಅಮ್ಮನ ಜ್ಞಾಪಕ ಸರಿಯಾಗಿತ್ತು" ಎಂದರು. ಎಪ್ಪತ್ತೈದು ತುಂಬುವ ವೈಶಾಖ ಪೂರ್ಣಿಮೆ ಮೇ 12ಕ್ಕಿತ್ತು, ಸೋಮವಾರ. ಉಳಿದಿದ್ದುದು ನಾಲ್ಕೈದು ದಿನ.

ಎಲ್ಲಿ ಆಚರಿಸಬೇಕೆಂದು ಅವರನ್ನೇ ಕೇಳಿದೆವು. ಮೊದಲು ಬೇಡವೆಂದರು, ಮತ್ತೂ ಕೇಳಿದಾಗ, "ತೋಟದಲ್ಲಿ" ಎಂದರು. ತೋಟವೆಂದರೆ ತೀರ್ಥಹಳ್ಳಿಯ ಕಡೆಯ ಅವರ ತವರು. ತಮ್ಮನವರ ಅಡಿಕೆ ತೋಟ. ಮಂಡಿನೋವಿನ ದೆಸೆಯಿಂದ ಮೂರು ವರ್ಷಗಳಿಂದ ಅವರು ಅತ್ತ ಹೋಗಿರಲಿಲ್ಲ. ಈ ನಡುವೆ ಮಲೆನಾಡಿನ ಎಷ್ಟೋ ತೋಟಗಳಂತೆ ಆ ತೋಟಕ್ಕೂ ಎಲೆಚುಕ್ಕೆ ರೋಗವು ತಗಲಿ, ಗರಿಗಳು ಸುಟ್ಟಂತೆ ಒಣಗಿ, ಫಸಲು ಇಳಿದುಹೋಗಿತ್ತು. ತಮ್ಮನವರ ಮಕ್ಕಳು ಬೆಂಗಳೂರಿನಲ್ಲಿ ಇರತಕ್ಕವರು. ಮಳೆಗಾಲ ಕಳೆದ ಮೇಲೆ ತೋಟವನ್ನು ಮಾರುವುದೆಂದು ಮಾತಾಗಿದ್ದಿತು. ಇದೆಲ್ಲ ತಿಳಿದಿದ್ದುದರಿಂದ ಅವರು ಆ ಒಂದು ಪದವನ್ನು ಹೇಳಿದಾಗ ನಾವು ಯಾರೂ ಎದುರಾಡಲಿಲ್ಲ.

ಮಗನು ಒಂದು ಷರತ್ತು ಹಾಕಿದನು: ಮನೆಯೊಳಗೆ ಮಲಗಕೂಡದು, ಡೇರೆಯಲ್ಲಿ ಮಲಗಬೇಕು. ಮೈಸೂರಿನಿಂದ ತಾಳಗುಪ್ಪದ ಗಾಡಿಯನ್ನು ಹತ್ತಿ ಶಿವಮೊಗ್ಗದಲ್ಲಿಳಿದು, ರಸ್ತೆ ಹಿಡಿದೆವು. ದಾರಿಯಲ್ಲಿ ಸಕ್ರೆಬೈಲಿನ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮೈ ಚಾಚಿ ಮಲಗಿ ಮಾವುತರಿಂದ ಮೈ ತಿಕ್ಕಿಸಿಕೊಳ್ಳುತ್ತಿದ್ದುವು. ಮರಿಯೊಂದು ನೀರಿನಿಂದ ಏಳಲೊಲ್ಲದೆ ಹಟ ಮಾಡುತ್ತಿದ್ದುದನ್ನು ಕಂಡು, ಮಗನಿಗೆ ತನ್ನವರೊಬ್ಬರು ದೊರೆತಂತಾಯಿತು. ಮರುದಿನ ಚಿಬ್ಬಲಗುಡ್ಡೆಗೂ ಹೋಗಿ ಬಂದೆವು. ಅಲ್ಲಿ ಗುಡಿಯ ಬಳಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಪುರಿ ಚೆಲ್ಲಿದರೆ ಮೊಳದುದ್ದದ ಮೀನುಗಳು ಮೆಟ್ಟಿಲಿನವರೆಗೆ ಬಂದು ಬಾಯಿ ತೆರೆಯುವುವು.

ಡೇರೆ ಹೂಡುವ ವಿಷಯದಲ್ಲಿ ನಾಲ್ಕು ಮಾತುಗಳನ್ನು ಬರೆಯುವೆವು. ಬೇಸಗೆಯಲ್ಲಿ ಮಲೆನಾಡಿಗೆ ಹೋಗುವವರಿಗೆ ಉಪಯೋಗವಾದೀತು. ಹಳ್ಳದ ದಂಡೆ ಎಷ್ಟೇ ಚೆಲುವಾಗಿದ್ದರೂ ಅಲ್ಲಿ ಹೂಡಬಾರದು. ಮೇಲೆಲ್ಲಿಯೋ ಮಳೆ ಬಿದ್ದರೆ ಕೆಳಗೆ ನೀರು ಹೇಳದೆ ಕೇಳದೆ ಏರುವುದು. ಒಣಗಿದ ಕೊಂಬೆಯಿರುವ ಮರದ ಕೆಳಗಾಗಲಿ, ಹಲಸಿನ ಮರದ ಕೆಳಗಾಗಲಿ ಕೂಡದು. ಏಕೆಂಬುದನ್ನು ಮೇ ತಿಂಗಳ ಹಲಸಿನ ಮರವನ್ನು ತಲೆಯೆತ್ತಿ ನೋಡಿದವರಿಗೆ ಹೇಳಬೇಕಾದುದಿಲ್ಲ. ನೆಲವು ತುಸು ಇಳಿಜಾರಾಗಿದ್ದು, ಡೇರೆಯ ಸುತ್ತಲೂ ಗೇಣಗಲದ ಕಾಲುವೆಯನ್ನು ತೋಡಿ, ಅದರ ಬಾಯನ್ನು ಇಳಿಜಾರಿನತ್ತ ಬಿಡಬೇಕು. ನೂಲಿನ ಹಗ್ಗವಾದರೆ ರಾತ್ರಿ ಮಲಗುವ ಮೊದಲು ಒಂದಿಷ್ಟು ಸಡಿಲಿಸಬೇಕು. ನೆನೆದರೆ ಅದು ಬಿಗಿದು ಗೂಟವನ್ನೇ ಕೀಳುವುದು. ಇದನ್ನೆಲ್ಲ ನಮಗೆ ಕಲಿಸಿದವರು ತಮ್ಮನವರು. ಇಂಗ್ಲೆಂಡಿನ ಬ್ರೌನ್ಸೀ ದ್ವೀಪದಲ್ಲಿ 1907ರಲ್ಲಿ ಬೇಡನ್ ಪೊವೆಲ್ಲರು ಹುಡುಗರನ್ನು ಕೂಡಿಸಿ ಮೊದಲ ಸ್ಕೌಟ್ ಬಿಡಾರವನ್ನು ಹೂಡಿದ ಕಥೆಯನ್ನು ಮಗಳು ಹೇಳಿದಾಗ, "ನಾವು ಅಡಿಕೆ ಕಾಯುವುದಕ್ಕೆ ಅದಕ್ಕೂ ಮೊದಲೇ ಹೂಡುತ್ತಿದ್ದೆವು, ಯಾರೂ ಪುಸ್ತಕ ಬರೆಯಲಿಲ್ಲ" ಎಂದು ಅವರು ಗಂಭೀರವಾಗಿ ನುಡಿದರು.

ಹುಣ್ಣಿಮೆಯ ಬೆಳಿಗ್ಗೆ ಬಚ್ಚಲಿನ ಹಂಡೆಗೆ ಉರಿ ಹಾಕಿದರು. ತಮ್ಮನವರ ಹೆಂಡತಿಯವರು ಅತ್ತೆಯವರನ್ನು ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆಯೊತ್ತಿ ಆರತಿ ಎತ್ತಿದರು. ಮಕ್ಕಳಿಗೆ, ಮೊಮ್ಮಕ್ಕಳಿಗೆ, ಊರಿನ ಅರ್ಧ ಮಕ್ಕಳಿಗೆ ಈ ಕೆಲಸವನ್ನು ಮಾಡಿದ ಅತ್ತೆಯವರು ತಾವು ಮಣೆಯ ಮೇಲೆ ಕುಳಿತು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಮಡಿಸಿಕೊಂಡಿದ್ದರು. ಊಟಕ್ಕೆ ಬಾಳೆಯೆಲೆಯಲ್ಲಿ ಬೆಂದ ಹಲಸಿನ ಹಣ್ಣಿನ ಕಡುಬು, ತುಪ್ಪ, ಮುರುಗಲ ಹಣ್ಣಿನ ಪಾನಕ, ಹಾಲುಪಾಯಸ. ಮಧ್ಯಾಹ್ನ ಅಕ್ಕತಮ್ಮಂದಿರಿಬ್ಬರೇ ಕೋಲೂರಿಕೊಂಡು ತೋಟದೊಳಗೆ ಹೋದರು. ಒಂದು ಗಂಟೆಯ ಮೇಲೆ ಹಿಂದಿರುಗಿದರು. ಏನು ಮಾತಾಡಿದರೆಂದು ನಾವು ಕೇಳಲಿಲ್ಲ.

ರಾತ್ರಿ ಡೇರೆಯಲ್ಲಿ ಮಲಗುವವರು ಮಕ್ಕಳು ಮತ್ತು ನಾವು ಎಂದುಕೊಂಡಿದ್ದೆವು. ನೋಡಿದರೆ ಅತ್ತೆಯವರು ತಮ್ಮ ಕಂಬಳಿಯೊಡನೆ ಬಂದು ಬಾಗಿಲ ಬಳಿ ಜಾಗ ಹಿಡಿದಿದ್ದರು. ಕೆಳಗೆ ಕೂರಲು ಹತ್ತು ನಿಮಿಷ ಬೇಕಾಯಿತು. ಬೆಳದಿಂಗಳಿನಲ್ಲಿ ಮಿಂಚುಹುಳುಗಳು ಮಂಕಾಗಿದ್ದರೂ ಮರಗಳ ಕತ್ತಲಲ್ಲಿ ಕೆಲವು ಕಾಣಿಸಿದುವು. ನಡುರಾತ್ರಿಯ ಮೇಲೆ ಕೃತ್ತಿಕೆಯ ಮಳೆ ಬಂದಿತು. ಆ ವರ್ಷ ಮೇ ತಿಂಗಳೆಲ್ಲ ಮಳೆಯೇ. ವಾಡಿಕೆಯಂತೆ ಜೂನ್ 1ಕ್ಕೆ ಕೇರಳಕ್ಕೆ ಬರತಕ್ಕ ಮುಂಗಾರು ಮೇ 24ಕ್ಕೇ ಬಂದುಬಿಟ್ಟಿತಲ್ಲವೆ! ಬಟ್ಟೆಯ ಮೇಲೆ ಹನಿಗಳು ಹೊಡೆಯುವ ಸದ್ದಿಗೆ ಮಗನು ಎದ್ದು ಹೆದರಿ ಅಜ್ಜಿಯ ಕಂಬಳಿಯೊಳಗೆ ಸೇರಿದನು. ಮನೆಯಿಂದ ಲಾಂದ್ರ ಹಿಡಿದು ಬಂದ ತಮ್ಮನವರು ಒಳಗೆ ಬರಬೇಕೆಂದು ಕೂಗಿದರು. ಅತ್ತೆಯವರು, "ಕಾಲುವೆ ಚೆನ್ನಾಗಿ ತೋಡಿದ್ದೀಯೆ, ನೀರು ಬರುವುದಿಲ್ಲ, ನೀನು ಹೋಗಿ ಮಲಗು" ಎಂದು ಒಳಗಿನಿಂದಲೇ ಉತ್ತರ ಕೊಟ್ಟರು. ನೀರು ಬರಲಿಲ್ಲ.

ಬೆಳಿಗ್ಗೆ ಮಗಳು, ಉಡುಗೊರೆಯಾಗಿ ಏನು ಬೇಕೆಂದು ಕೇಳಿದಳು. ಹಳ್ಳದ ದಂಡೆಯಲ್ಲಿ ಅಪ್ಪೆಮಿಡಿಯ ಹಳೆಯ ಮರವೊಂದುಂಟು; ಅದರ ಮಿಡಿಯ ಉಪ್ಪಿನಕಾಯಿ ಮೂರು ವರ್ಷ ಇಟ್ಟರೂ ಗರಿಗುಟ್ಟುವುದು, ಕಾಯಿ ಮುರಿದರೆ ಜೀರಿಗೆಯ ಪರಿಮಳ. ಆ ಮರದ ಒಂದು ಕಸಿ ಬೇಕೆಂದರು. ಬೀಜ ನೆಟ್ಟರೆ ಹುಟ್ಟುವ ಗಿಡವು ತಾಯಿಯ ಗುಣವನ್ನೇ ಕೊಡುವುದೆಂಬ ಭರವಸೆಯಿಲ್ಲ. ಕಸಿಯೇ ಆಗಬೇಕು, ಅದಕ್ಕೆ ಮಳೆಗಾಲದ ತೇವವೇ ಹದ. ಕಸಿಗೆ ಆರಿಸಿದ ಕಡ್ಡಿಯ ಎಲೆಗಳನ್ನು ಒಂದು ವಾರ ಮೊದಲೇ ಕತ್ತರಿಸಿ, ಮೊಗ್ಗು ಉಬ್ಬುವಂತೆ ಮಾಡಿ, ಆಮೇಲೆ ಎಳೆಯ ಗಿಡದ ಸೀಳಿದ ಕಾಂಡದೊಳಗೆ ಕೂರಿಸಿ ಕಟ್ಟಬೇಕು. ತಮ್ಮನವರು ಐದು ಕಟ್ಟುವೆನೆಂದರು. ಐದರಲ್ಲಿ ಎರಡು ಹತ್ತಿದರೆ ಹೆಚ್ಚು.

ಮೂರು ಹತ್ತಿದುವು. ಆಗಸ್ಟ್ ತಿಂಗಳಲ್ಲಿ ಬಸ್ಸಿನಲ್ಲಿ ಬಂದ ತಮ್ಮನವರು ಅವುಗಳನ್ನು ತೊಡೆಯ ಮೇಲೆ ಇರಿಸಿಕೊಂಡೇ ತಂದರು. ಒಂದು ನಮ್ಮ ಮನೆಯ ಹಿತ್ತಿಲಲ್ಲಿದೆ, ಒಂದು ಅತ್ತೆಯವರು ಪಾಠ ಹೇಳಿದ ಶಾಲೆಯ ಅಂಗಳದಲ್ಲಿ. ಮೂರನೆಯದನ್ನು ಯಾರಿಗೆ ಕೊಡುವುದೆಂಬುದು ಇನ್ನೂ ತೀರ್ಮಾನವಾಗಿಲ್ಲ, ಕುಂಡದಲ್ಲಿಯೇ ಇದೆ. ಮಗನು ಅದರ ಪಕ್ಕದಲ್ಲಿ ಗೇಣಗಲದ ಕಾಲುವೆಯೊಂದನ್ನು ತೋಡಿ, ಅದರ ಬಾಯನ್ನು ನಮ್ಮ ಅಡುಗೆಮನೆಯ ಬಾಗಿಲಿಗೆ ಬಿಟ್ಟಿರುವನು.