ಬಯಸಿದ ಶಾಲೆ ಸಿಗದಿದ್ದಾಗ

ಮಾರ್ಚ್ ಒಂದನೆಯ ತಾರೀಖು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಕರ್ನಾಟಕದ ಮನೆಗಳಲ್ಲಿ ಎಂಥ ತಳಮಳವಿರುತ್ತದೆಯೋ ಅಂಥದೇ ತಳಮಳ ಅಂದು ಇಂಗ್ಲೆಂಡಿನ ಸಾವಿರಾರು ಮನೆಗಳಲ್ಲಿ. ಆದರೆ ಅಲ್ಲಿ ಕಾಯುವುದು ಅಂಕಗಳಿಗಾಗಿ ಅಲ್ಲ, ಶಾಲೆಗಾಗಿ. ಪ್ರಾಥಮಿಕ ಶಾಲೆಯ ಆರನೆಯ ವರ್ಷದಲ್ಲಿ ಓದುತ್ತಿರುವ ಮಕ್ಕಳು ಬರುವ ಸೆಪ್ಟೆಂಬರಿನಲ್ಲಿ ಯಾವ ಪ್ರೌಢಶಾಲೆಗೆ ಹೋಗಬೇಕೆಂಬುದು ಅಂದು ತಿಳಿಯುತ್ತದೆ. ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ.

ಉದ್ಯೋಗಕ್ಕಾಗಿ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರ ಒಂದು ಮನೆಯನ್ನು ಊಹಿಸಿಕೊಳ್ಳಿ. ತಂದೆಗೆ ಸಾಫ್ಟ್‌ವೇರ್ ಕೆಲಸ, ತಾಯಿ ಆಸ್ಪತ್ರೆಯಲ್ಲಿ ನರ್ಸ್. ಮಗಳಿಗೆ ಹನ್ನೊಂದು ವರ್ಷ. ಬೀದಿಯ ಕೊನೆಯಲ್ಲೇ ಇರುವ, ಗೆಳತಿಯರೆಲ್ಲ ಹೋಗಲಿರುವ ಶಾಲೆಯ ಬದಲು ಮೂರು ಮೈಲಿ ಆಚೆಗಿನ, ಕೇಳಿ ಮಾತ್ರ ಗೊತ್ತಿದ್ದ ಶಾಲೆಯೊಂದರಲ್ಲಿ ಅವಳಿಗೆ ಸ್ಥಳ ಸಿಕ್ಕಿದೆ. ಸುದ್ದಿ ಕೇಳಿ ಹಾಸನದಿಂದ ಅಜ್ಜ ಫೋನು ಮಾಡುತ್ತಾರೆ: "ಅಲ್ಲಿ ಯಾರಾದರೂ ದೊಡ್ಡವರ ಪರಿಚಯ ಇಲ್ವೇನೋ? ಒಂದು ಮಾತು ಹೇಳಿಸಿದ್ರೆ ಆಗಲ್ವಾ?"

"ಇಲ್ಲಿ ಅದೆಲ್ಲ ನಡೆಯಲ್ಲ ಅಪ್ಪಾ" ಎನ್ನುತ್ತಾನೆ ಮಗ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಆ ಕೊಂಪೆಗೆ ಮಾತ್ರ ನಾನು ಮಗಳನ್ನು ಕಳಿಸೋಲ್ಲ" ಎನ್ನುತ್ತಾನೆ. ಮೆಟ್ಟಿಲ ಮೇಲೆ ಕುಳಿತ ಮಗಳ ಕಿವಿಗೆ ಎರಡೂ ಮಾತು ಬೀಳುತ್ತವೆ.

ವಶೀಲಿ ನಡೆಯುವುದಿಲ್ಲವೆಂಬುದು ನಿಜ. ನಡೆಯುವುದು ಮೇಲ್ಮನವಿ. ಅದಕ್ಕೊಂದು ಕ್ರಮವಿದೆ, ಕಾಲಮಿತಿಯಿದೆ, ಅದಕ್ಕೇ ಒಪ್ಪುವ ವಾದವಿದೆ. ಅದನ್ನು ತಿಳಿಯದೆ ಮುನ್ನುಗ್ಗಿದರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ.

ಸ್ಥಳ ಹಂಚುವ ಬಗೆ

ಇಂಗ್ಲೆಂಡಿನ ಸರಕಾರಿ ಹಣದ ಶಾಲೆಗಳಿಗೆ ಪಾಲಕರು ತಮ್ಮ ವಾಸಸ್ಥಳದ ಕೌನ್ಸಿಲಿಗೆ ಹಿಂದಿನ ಅಕ್ಟೋಬರ್ 31ರೊಳಗೆ ಅರ್ಜಿ ಹಾಕಬೇಕು. ಅದರಲ್ಲಿ ಕನಿಷ್ಠ 3 ಶಾಲೆಗಳನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆಯಲು ಅವಕಾಶವಿದೆ. ಲಂಡನ್ನಿನಲ್ಲಿ 6ರವರೆಗೆ ಬರೆಯಬಹುದು. ಈ ಕ್ರಮಾಂಕವನ್ನು ಶಾಲೆಗಳು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಪ್ರತಿ ಶಾಲೆಯ ಅರ್ಜಿಗಳನ್ನೂ ಆ ಶಾಲೆಯ ಪ್ರಕಟಿತ ನಿಯಮಗಳ ಪ್ರಕಾರವೇ ಸಾಲಾಗಿ ಜೋಡಿಸಲಾಗುತ್ತದೆ. ಒಂದಕ್ಕಿಂತ ಹೆಚ್ಚು ಶಾಲೆಗಳಲ್ಲಿ ಮಗು ಅರ್ಹವಾದರೆ ಪಾಲಕರ ಪಟ್ಟಿಯಲ್ಲಿ ಮೇಲಿರುವ ಶಾಲೆಯನ್ನು ಕೌನ್ಸಿಲು ಕೊಡುತ್ತದೆ. ಒಂದೇ ಹೆಸರು ಬರೆದರೆ ಆ ಶಾಲೆಯನ್ನು ಕೊಡಲೇಬೇಕಾಗುತ್ತದೆಂದು ನಂಬಿದವರು ಮೋಸಹೋಗುತ್ತಾರೆ.

ಅರ್ಜಿಗಳು ಸ್ಥಳಕ್ಕಿಂತ ಹೆಚ್ಚಾದಾಗ ಯಾರು ಮೊದಲು? ವಿಶೇಷ ಶಿಕ್ಷಣದ ಅಧಿಕೃತ ಯೋಜನೆಯಲ್ಲಿ ಆ ಶಾಲೆಯ ಹೆಸರೇ ನಮೂದಾಗಿರುವ ಮಗುವನ್ನು ಸೇರಿಸಿಕೊಳ್ಳಲೇಬೇಕು. ನಂತರ ಸರಕಾರದ ಆರೈಕೆಯಲ್ಲಿ ಇರುವ ಅಥವಾ ಹಿಂದೆ ಇದ್ದ ಮಕ್ಕಳಿಗೆ ಆದ್ಯತೆ. ಆಮೇಲೆ ಅಣ್ಣ-ಅಕ್ಕ ಅದೇ ಶಾಲೆಯಲ್ಲಿರುವುದು, ಮನೆಯಿಂದ ಇರುವ ದೂರ, ಕೆಲವೆಡೆ ಧರ್ಮ, ಹೀಗೆ ಶಾಲೆಯಿಂದ ಶಾಲೆಗೆ ನಿಯಮ ಬೇರೆ. ದೂರವನ್ನು ಅಳೆಯುವ ರೀತಿಯೂ ಬೇರೆ: ಒಂದು ಕಡೆ ನಕ್ಷೆಯ ಮೇಲಿನ ನೇರ ಗೆರೆ, ಇನ್ನೊಂದು ಕಡೆ ನಡೆದುಹೋಗುವ ದಾರಿ. ಬೀದಿಯ ಕೊನೆಯ ಶಾಲೆಯೂ ಕೈತಪ್ಪುವುದು ಹೀಗೆಯೇ. ಧರ್ಮ ಅಥವಾ ಪರೀಕ್ಷೆ ಅಲ್ಲಿ ದೂರಕ್ಕಿಂತ ಮುಂದಿರಬಹುದು.

ಮೊದಲ ಕೆಲಸ

ಸ್ಥಳ ನಿರಾಕರಿಸಿದ ಪತ್ರದಲ್ಲಿ ಅದರ ಕಾರಣ, ಮೇಲ್ಮನವಿಯ ಹಕ್ಕು ಮತ್ತು ಕೊನೆಯ ದಿನಾಂಕ ಇರಲೇಬೇಕು. ಮೇಲ್ಮನವಿ ಸಲ್ಲಿಸಲು ಕನಿಷ್ಠ 20 ಶಾಲಾ ದಿನಗಳ ಅವಕಾಶ ಕೊಡಬೇಕೆಂಬುದು ನಿಯಮ. 'ಶಾಲಾ ದಿನ' ಎಂದರೆ ಶಾಲೆ ನಡೆಯುವ ದಿನ ಮಾತ್ರ. ಶನಿವಾರ, ಭಾನುವಾರ, ಈಸ್ಟರ್ ರಜೆ ಲೆಕ್ಕಕ್ಕಿಲ್ಲ. ಮೇಲ್ಮನವಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಒಂದಕ್ಕಿಂತ ಹೆಚ್ಚು ಶಾಲೆಗಳು ನಿರಾಕರಿಸಿದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಮೇಲ್ಮನವಿ.

ಸಿಟ್ಟಿನ ಭರದಲ್ಲಿ ಹಲವರು ಇಲ್ಲೇ ಒಂದು ತಪ್ಪು ಮಾಡುತ್ತಾರೆ. ಕೊಟ್ಟ ಸ್ಥಳವನ್ನು "ಬೇಡ" ಎಂದು ಹಿಂತಿರುಗಿಸಿಬಿಡುತ್ತಾರೆ. ಒಪ್ಪಿಕೊಂಡರೆ ಮೇಲ್ಮನವಿ ದುರ್ಬಲವಾಗುತ್ತದೆಂಬ ಭಯ. ಅದು ಸುಳ್ಳು ಭಯ. ಕೊಟ್ಟದ್ದನ್ನು ಒಪ್ಪಿಕೊಂಡೇ ಬೇಕಾದದ್ದಕ್ಕೆ ಹೋರಾಡಬಹುದು. ತಿರಸ್ಕರಿಸಿದರೆ ಮೇಲ್ಮನವಿ ಸೋತಾಗ ಕೈಯಲ್ಲಿ ಯಾವ ಶಾಲೆಯೂ ಇರದಂತಾಗಬಹುದು. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ಜೊತೆಗೆ ಬಯಸಿದ ಶಾಲೆಯ ಕಾಯುವ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಆ ಪಟ್ಟಿಯನ್ನು ಕನಿಷ್ಠ ಡಿಸೆಂಬರ್ 31ರವರೆಗೆ ಇಡಬೇಕು. ಅದರಲ್ಲಿ ಮೊದಲು ಬಂದವರಿಗೆ ಮೊದಲ ಸ್ಥಾನ ಎಂಬುದಿಲ್ಲ. ಶಾಲೆಯ ನಿಯಮದ ಕ್ರಮವೇ ಅಲ್ಲಿಯೂ. ಆದ್ದರಿಂದ ಹೆಸರು ಮೇಲೇರಬಹುದು, ಹೊಸಬರು ಬಂದಾಗ ಕೆಳಗಿಳಿಯಲೂಬಹುದು.

ಮಂಡಳಿಯ ಎದುರು

ವಿಚಾರಣೆ ನಡೆಸುವುದು ಸ್ವತಂತ್ರ ಮಂಡಳಿ. ಅದರಲ್ಲಿ ಕನಿಷ್ಠ ಮೂವರು ಸದಸ್ಯರು. ಅವರಲ್ಲಿ ಒಬ್ಬರಾದರೂ ಶಿಕ್ಷಣ ಕ್ಷೇತ್ರದ ಅನುಭವವುಳ್ಳವರು, ಒಬ್ಬರಾದರೂ ಶಾಲೆಯ ಆಡಳಿತ ಅಥವಾ ಬೋಧನೆಯ ಕೆಲಸ ಮಾಡಿರದ ಸಾಮಾನ್ಯ ನಾಗರಿಕರು ಇರಬೇಕು. ವಿಚಾರಣೆ ಖಾಸಗಿಯಾಗಿ ನಡೆಯುತ್ತದೆ. ಅದರ ದಿನವನ್ನು ಕನಿಷ್ಠ 10 ಶಾಲಾ ದಿನ ಮೊದಲೇ ತಿಳಿಸಬೇಕು. ಸಕಾಲದಲ್ಲಿ ಅರ್ಜಿ ಹಾಕಿದವರ ವಿಚಾರಣೆ, ಮೇಲ್ಮನವಿಯ ಕೊನೆಯ ದಿನದಿಂದ 40 ಶಾಲಾ ದಿನಗಳೊಳಗೆ ಮುಗಿಯಬೇಕು. ಪಾಲಕರು ಒಬ್ಬ ಸ್ನೇಹಿತರನ್ನು ಜೊತೆಗೆ ಕರೆದೊಯ್ಯಬಹುದು. ಇಂಗ್ಲಿಷಿನಲ್ಲಿ ಮಾತನಾಡಲು ಅಳುಕುವವರಿಗೆ ಇದು ದೊಡ್ಡ ಆಸರೆ.

ಮೊದಲು ಶಾಲೆಯ ಪರವಾಗಿ ಬಂದವರು ಮಾತನಾಡುತ್ತಾರೆ. ಪಾಲಕರು ಅವರನ್ನು ಪ್ರಶ್ನಿಸಬಹುದು. ಆಮೇಲೆ ಪಾಲಕರ ಸರದಿ. ಕೊನೆಯ ಮಾತು ಪಾಲಕರದೇ.

ಮಂಡಳಿ ಎರಡು ಹಂತಗಳಲ್ಲಿ ಯೋಚಿಸುತ್ತದೆ. ಮೊದಲ ಹಂತದಲ್ಲಿ ಎರಡು ಪ್ರಶ್ನೆ. ಪ್ರವೇಶದ ನಿಯಮಗಳು ಕಾನೂನಿಗೆ ಅನುಗುಣವಾಗಿದ್ದವೇ, ಅವನ್ನು ಈ ಮಗುವಿನ ವಿಷಯದಲ್ಲಿ ಸರಿಯಾಗಿ ಅನ್ವಯಿಸಲಾಯಿತೇ? ಇನ್ನೊಂದು ಮಗುವನ್ನು ಸೇರಿಸಿಕೊಂಡರೆ ಶಾಲೆಗೆ ನಿಜವಾಗಿ ತೊಂದರೆಯಾಗುತ್ತದೆಯೇ? ಮನೆಯ ದೂರವನ್ನು ತಪ್ಪಾಗಿ ಅಳೆದಿದ್ದರೆ, ಅಕ್ಕ ಅಲ್ಲೇ ಓದುತ್ತಿರುವುದನ್ನು ಮರೆತಿದ್ದರೆ, ಆ ತಪ್ಪಾಗದಿದ್ದರೆ ಸ್ಥಳ ಸಿಗುತ್ತಿತ್ತು ಎಂದಾದರೆ, ಸಾಮಾನ್ಯವಾಗಿ ಪಾಲಕರ ಗೆಲುವು ಅಲ್ಲಿಗೇ ಮುಗಿಯುತ್ತದೆ. ಆದ್ದರಿಂದ ಮೊದಲು ಭಾಷಣ ಬರೆಯಬೇಡಿ, ಲೆಕ್ಕ ಪರೀಕ್ಷಿಸಿ.

ತಪ್ಪು ಸಿಗದಿದ್ದರೆ, ಶಾಲೆಗೆ ತೊಂದರೆ ಎಂಬುದೂ ಮಂಡಳಿಗೆ ಮನವರಿಕೆಯಾದರೆ ಎರಡನೆಯ ಹಂತ. ಅದು ಭೌತಶಾಸ್ತ್ರದ ತಕ್ಕಡಿಯಂತೆ. ಒಂದು ತಟ್ಟೆಯಲ್ಲಿ ಇನ್ನೊಂದು ಮಗು ಬಂದರೆ ಶಾಲೆಗೆ ಆಗುವ ತೊಂದರೆ. ಇನ್ನೊಂದರಲ್ಲಿ ಆ ಶಾಲೆಯೇ ಸಿಗದಿದ್ದರೆ ಮಗುವಿಗೆ ಆಗುವ ತೊಂದರೆ. ಯಾವುದು ಹೆಚ್ಚು ತೂಗುತ್ತದೋ ಅದಕ್ಕೆ ಜಯ.

ತೂಕವಿರುವ ಮಾತು, ತೂಕವಿಲ್ಲದ ಮಾತು

ಶಾಲೆಯ ತಟ್ಟೆಯನ್ನು ಮೊದಲು ನೋಡಿ. ಏಳನೆಯ ವರ್ಷಕ್ಕೆ 180 ಮಕ್ಕಳು ಎಂದು ಶಾಲೆ ಪ್ರಕಟಿಸಿದೆ ಎನ್ನಿ, ಅಂದರೆ ಮೂವತ್ತರಂತೆ ಆರು ವಿಭಾಗ. 181ನೆಯ ಮಗುವಿಗೆ ಪ್ರಯೋಗಾಲಯದಲ್ಲಿ ಜಾಗವಿಲ್ಲ, ಊಟದ ಕೋಣೆ ಸಾಲದು ಎನ್ನುತ್ತಾರೆ. ಇದು ಹುಸಿ ನೆಪವೆಂದು ತಳ್ಳಿಹಾಕುವುದು ಸರಿಯಲ್ಲ. ಮೂವತ್ತು ಮಕ್ಕಳು ಬರ್ನರ್ ಹೊತ್ತಿಸಿ ನಿಂತಾಗ ಒಬ್ಬನೇ ಮೇಷ್ಟರಿಗೆ ಎಷ್ಟು ಕಣ್ಣಿದ್ದರೂ ಸಾಲದು. ಆದರೆ ಪ್ರಶ್ನೆ ಕೇಳಬಹುದು: ಹಿಂದಿನ ವರ್ಷಗಳಲ್ಲಿ ಎಷ್ಟು ಮಕ್ಕಳನ್ನು ಸೇರಿಸಿಕೊಂಡಿದ್ದೀರಿ? 180ಕ್ಕಿಂತ ಹೆಚ್ಚು ಸೇರಿಸಿಕೊಂಡ ವರ್ಷ ಏನು ತೊಂದರೆಯಾಯಿತು? ಈಗ ವಿಭಾಗವೊಂದರಲ್ಲಿ ನಿಜವಾಗಿ ಎಷ್ಟು ಮಕ್ಕಳಿದ್ದಾರೆ? ಐದರಿಂದ ಏಳು ವರ್ಷದ ಪುಟ್ಟ ಮಕ್ಕಳ ತರಗತಿಗೆ, ಒಬ್ಬ ಶಿಕ್ಷಕರಿಗೆ 30 ಮಕ್ಕಳೆಂಬ ಮಿತಿಯನ್ನು 1998ರ ಕಾಯಿದೆ ವಿಧಿಸಿದೆ. ಅಲ್ಲಿ ಮೇಲ್ಮನವಿ ಗೆಲ್ಲುವುದು ಬಲು ಕಷ್ಟ. ಪ್ರೌಢಶಾಲೆಗೆ ಅಂಥ ಕಾನೂನಿನ ಮಿತಿ ಇಲ್ಲ.

ಇನ್ನು ಮಗುವಿನ ತಟ್ಟೆ. "ಆ ಶಾಲೆಯ ಫಲಿತಾಂಶ ಚೆನ್ನಾಗಿದೆ", "ನಮ್ಮ ಸ್ನೇಹಿತರ ಮಕ್ಕಳೆಲ್ಲ ಅಲ್ಲೇ", "ಕೊಟ್ಟಿರುವ ಶಾಲೆಗೆ ಹೆಸರಿಲ್ಲ", ಇವು ಎಲ್ಲ ಪಾಲಕರೂ ಹೇಳುವ ಮಾತು. ಎಲ್ಲರೂ ಹೇಳುವ ಮಾತಿಗೆ ತಕ್ಕಡಿಯಲ್ಲಿ ತೂಕ ಕಡಿಮೆ. ಮಂಡಳಿ ಕೇಳುವ ಪ್ರಶ್ನೆ ಒಂದೇ: ಈ ಮಗುವಿಗೆ ಈ ಶಾಲೆಯೇ ಏಕೆ ಬೇಕು?

ಮಗುವಿಗೆ ಕಾಯಿಲೆಯಿದ್ದರೆ ವೈದ್ಯರ ಪತ್ರ ಬೇಕು. ಕಾಯಿಲೆಯ ಹೆಸರಷ್ಟೇ ಇದ್ದರೆ ಸಾಲದು. ಅದರಿಂದ ದೂರದ ಪ್ರಯಾಣ ಹೇಗೆ ಕಷ್ಟ, ಈ ಶಾಲೆ ಹೇಗೆ ಅನುಕೂಲ ಎಂಬುದೂ ಅದರಲ್ಲಿರಬೇಕು. ಬಸ್ ಬದಲಿಸಬೇಕೆಂದರೆ ವೇಳಾಪಟ್ಟಿಯನ್ನೇ ಲಗತ್ತಿಸಬೇಕು. ಹಿಂದಿನ ಶಾಲೆಯಲ್ಲಿ ಕಿರುಕುಳಕ್ಕೆ ಒಳಗಾದ ಮಗುವಾಗಿದ್ದರೆ ಆ ಶಾಲೆಯ ಶಿಕ್ಷಕರ ಬರಹ ಬೇಕು. ವಿಜ್ಞಾನದ ಪಾಠದಲ್ಲಿ ಹೇಳಿಕೆಗೂ ವೀಕ್ಷಣೆಗೂ ಇರುವ ವ್ಯತ್ಯಾಸವೇ ಇಲ್ಲಿಯೂ. ದಾಖಲೆಯಿಲ್ಲದ ಮಾತು ಹೇಳಿಕೆ. ದಾಖಲೆಯುಳ್ಳ ಮಾತು ಪುರಾವೆ. ಅವನ್ನು ಸಲ್ಲಿಸಲೂ ಕೊನೆಯ ದಿನಾಂಕವಿರುತ್ತದೆ. ವಿಚಾರಣೆಯ ದಿನ ಚೀಲದಿಂದ ತೆಗೆದ ಕಾಗದವನ್ನು ಮಂಡಳಿ ನೋಡಲೇಬೇಕೆಂದಿಲ್ಲ.

ಪ್ರವೇಶ ಪರೀಕ್ಷೆ ನಡೆಸುವ ಗ್ರಾಮರ್ ಶಾಲೆಗಳ ಮೇಲೆ ಭಾರತೀಯ ಪಾಲಕರಿಗೆ ಮೋಹ ಹೆಚ್ಚು. ಅಂಥ ಶಾಲೆಗಳು ಇಂಗ್ಲೆಂಡಿನಲ್ಲಿರುವುದು 163 ಮಾತ್ರ. ಅಲ್ಲಿ ಅಗತ್ಯ ಮಟ್ಟ ಮುಟ್ಟದ ಮಗುವಿನ ಮೇಲ್ಮನವಿಯಲ್ಲಿ ಮಗುವಿನ ಓದಿನ ಮಟ್ಟಕ್ಕೆ ಶಾಲೆಯ ದಾಖಲೆಗಳೇ ಸಾಕ್ಷಿ. ಮಂಡಳಿ ತಾನೇ ಮಗುವಿಗೆ ಇನ್ನೊಂದು ಪರೀಕ್ಷೆ ಮಾಡುವಂತಿಲ್ಲ.

ವರ್ಷದ ನಡುವೆ ಬೆಂಗಳೂರಿನಿಂದ ಹೋಗಿ ಇಳಿದ ಕುಟುಂಬಗಳಿಗೂ ಈ ಹಕ್ಕಿದೆ. ನಡುವರ್ಷದ ಅರ್ಜಿಗೆ 15 ಶಾಲಾ ದಿನಗಳೊಳಗೆ ಉತ್ತರ ಕೊಡಬೇಕು. ನಿರಾಕರಿಸಿದರೆ ಅವರೂ ಮೇಲ್ಮನವಿ ಸಲ್ಲಿಸಬಹುದು. ಸ್ಕಾಟ್ಲೆಂಡಿನ ಪದ್ಧತಿ ಮಾತ್ರ ಬೇರೆ.

ಗೆದ್ದರೆ, ಸೋತರೆ

ಮಂಡಳಿಯ ತೀರ್ಪಿಗೆ ಶಾಲೆ ಬದ್ಧ. ಸೋತವರು ವಿಚಾರಣೆಯ ಕ್ರಮದಲ್ಲಿ ಲೋಪವಿದ್ದರೆ ಮಾತ್ರ ದೂರಬಹುದು. ಕೌನ್ಸಿಲಿನ ಶಾಲೆಯಾದರೆ ಒಂಬುಡ್ಸ್‌ಮನ್‌ಗೆ, ಅಕಾಡೆಮಿ ಶಾಲೆಯಾದರೆ ಶಿಕ್ಷಣ ಇಲಾಖೆಗೆ. ತೀರ್ಪು ಇಷ್ಟವಾಗಲಿಲ್ಲ ಎಂಬುದು ದೂರಿಗೆ ಕಾರಣವಾಗದು.

ಇತ್ತೀಚಿನ ವರ್ಷಗಳಲ್ಲಿ ಪ್ರೌಢಶಾಲೆಯ ವಿಚಾರಣೆಗೆ ಬಂದ ಮೇಲ್ಮನವಿಗಳಲ್ಲಿ ಗೆದ್ದದ್ದು ಸುಮಾರು ಐದರಲ್ಲಿ ಒಂದು. ಆಸೆ ಬಿಡಬೇಕಾದಷ್ಟು ಕಡಿಮೆಯಲ್ಲ, ನೆಚ್ಚಿ ಕೂರುವಷ್ಟು ಹೆಚ್ಚೂ ಅಲ್ಲ. ಇದರ ಇನ್ನೊಂದು ಅರ್ಥವನ್ನು ಪಾಲಕರು ಮರೆಯುತ್ತಾರೆ. ಹೋರಾಡಿದ ಐದು ಮಕ್ಕಳಲ್ಲಿ ನಾಲ್ವರು ಸೆಪ್ಟೆಂಬರಿನಲ್ಲಿ ಬೇರೆ ಶಾಲೆಗೇ ಹೋಗಬೇಕಾಗುತ್ತದೆ. ಹೆಚ್ಚಿನವರ ಪಾಲಿಗೆ ಅದು ಮಾರ್ಚಿನಲ್ಲಿ ಕೊಟ್ಟ ಶಾಲೆಯೇ.

ಮೆಟ್ಟಿಲ ಮೇಲೆ ಕುಳಿತ ಆ ಹುಡುಗಿಯ ವಿಷಯ ಬರುವುದು ಇಲ್ಲಿ. ಮಾರ್ಚಿನಿಂದ ಜೂನಿನವರೆಗೆ ಮನೆಯಲ್ಲಿ ಆ ಶಾಲೆಯನ್ನು "ಕೊಂಪೆ" ಎಂದೇ ಕರೆದಿದ್ದರೆ, ಮೇಲ್ಮನವಿ ಸೋತ ಮೇಲೆ ಅವಳು ಆ ಬಾಗಿಲನ್ನು ಯಾವ ಮನಸ್ಸಿನಿಂದ ದಾಟಬೇಕು? ಮೊದಲ ಪಿರಿಯಡ್ಡಿನ ಶಿಕ್ಷಕಿಯನ್ನು ಯಾವ ಗೌರವದಿಂದ ನೋಡಬೇಕು? ಮಗು ತಾನು ಸೋತೆ, ತನಗೆ ಸಿಕ್ಕಿದ್ದು ಕಳಪೆ ಎಂದುಕೊಂಡು ಹೋದರೆ ಎಂಥ ಒಳ್ಳೆಯ ಶಾಲೆಯೂ ಅದಕ್ಕೆ ಕಳಪೆಯೇ. ಅದೂ ಅಲ್ಲದೆ, ಕೊಟ್ಟ ಶಾಲೆಯನ್ನು ಹಳಿದದ್ದರಿಂದ ಮಂಡಳಿಯ ಎದುರು ಹೆಚ್ಚಿನ ಪ್ರಯೋಜನವೂ ಇಲ್ಲ. ಬಯಸಿದ ಶಾಲೆ ಏಕೆ ಬೇಕು ಎನ್ನುವುದಕ್ಕೆ ಇರುವ ಬೆಲೆ, ಸಿಕ್ಕ ಶಾಲೆ ಏಕೆ ಬೇಡ ಎನ್ನುವ ಮಾತಿಗಿಲ್ಲ.

ಆದ್ದರಿಂದ ಆ ತಂದೆ ಮೇಲ್ಮನವಿಯ ಅರ್ಜಿ ತುಂಬುವ ವಾರದಲ್ಲೇ ಇನ್ನೊಂದು ಕೆಲಸವನ್ನೂ ಮಾಡಬೇಕು. ಆ ಮೂರು ಮೈಲಿ ದೂರದ ಶಾಲೆಗೆ ಫೋನು ಮಾಡಿ, ಸಮಯ ಕೇಳಿ, ಮಗಳನ್ನು ಕರೆದುಕೊಂಡು ಹೋಗಬೇಕು. ಪ್ರಯೋಗಾಲಯ, ಗ್ರಂಥಾಲಯ, ಆಟದ ಬಯಲು ನೋಡಬೇಕು. ಬಸ್ಸಿನಲ್ಲೇ ಹೋಗಿ ಬರಬೇಕು. ಆಗ ಪ್ರಯಾಣದ ತೊಂದರೆಗೆ ಪುರಾವೆ ಸಿಕ್ಕರೂ ಸಿಕ್ಕೀತು, ಶಾಲೆ ಅಂದುಕೊಂಡಷ್ಟು ಕೆಟ್ಟದ್ದಲ್ಲವೆಂದು ತಿಳಿದರೂ ತಿಳಿದೀತು. ಮಗಳಿಗೆ ಹೇಳಬೇಕಾದ ಮಾತು ಇಷ್ಟು: "ಹತ್ತಿರದ ಶಾಲೆಗಾಗಿ ಕೇಳಿ ನೋಡ್ತೀವಿ ಪುಟ್ಟಿ. ಸಿಕ್ಕರೆ ಅಲ್ಲಿ ಓದ್ತೀಯಾ. ಸಿಗದಿದ್ದರೆ ಇಲ್ಲಿ ಓದ್ತೀಯಾ. ಎಲ್ಲಿ ಹೋದರೂ ನಾವು ನಿನ್ನ ಜೊತೆ ಇರ್ತೀವಿ."

ಇದು ಇಂಗ್ಲೆಂಡಿಗೆ ಮಾತ್ರ ಹೇಳಿದ ಮಾತಲ್ಲ. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಯ ಪ್ರತಿ ತರಿಸಿ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಕರ್ನಾಟಕದ ಪಾಲಕರಿಗೂ ಅನ್ವಯಿಸುತ್ತದೆ. ಅಂಕ ಬಿಟ್ಟುಹೋಗಿದೆಯೇ ಎಂದು ಲೆಕ್ಕ ಹಾಕಿ ನೋಡಿ, ಕೊನೆಯ ದಿನದೊಳಗೆ ಕೇಳಿ, ಹಕ್ಕನ್ನು ಬಿಡಬೇಡಿ. ಆದರೆ ಉತ್ತರ ಬರುವವರೆಗೆ ಮಗುವಿನ ಮುಂದಿನ ಓದನ್ನು ನಿಲ್ಲಿಸಬೇಡಿ, ಅದರ ಎದುರು ಬಂದ ಅಂಕವನ್ನು ಹೀಗಳೆಯಬೇಡಿ. ಮೇಲ್ಮನವಿಯ ಫಲ ಮಂಡಳಿಯ ಕೈಯಲ್ಲಿದೆ. ಮಗುವಿನ ಮನಸ್ಸು ಪಾಲಕರ ಕೈಯಲ್ಲಿದೆ.