ಹೊಸ ಕಾರು: ಮಾರುವವರ ಹೊಣೆ, ಕೊಳ್ಳುವವರ ಎಚ್ಚರ

2025ನೆಯ ಇಸವಿಯ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಣ ಸರಕು ಮತ್ತು ಸೇವಾ ತೆರಿಗೆಯು ಶೇಕಡಾ 28ರಿಂದ 18ಕ್ಕೆ ಇಳಿದು, ಅದರೊಡನಿದ್ದ ಪರಿಹಾರ ಸೆಸ್ಸು ರದ್ದಾದುದು ಮಧ್ಯಮ ವರ್ಗದವರಿಗೆ ಸಂತೋಷದ ಸಂಗತಿಯಾಯಿತು. ನವರಾತ್ರಿಯೂ ಆ ದಿನವೇ ಆರಂಭವಾದುದರಿಂದ ಕಾರುಗಳ ಪೇಟೆಗೆ ಗಿರಾಕಿಗಳ ನುಗ್ಗು ಹೆಚ್ಚಿದುದು ಆಶ್ಚರ್ಯವಲ್ಲ. ಆದರೆ ಬೆಲೆ ಇಳಿದಾಗ ವ್ಯಾಪಾರದ ಮರ್ಯಾದೆಯೂ ಅದರೊಂದಿಗೆ ಇಳಿಯಬಾರದಷ್ಟೆ. ಹೇಳಿದ ದಿನಕ್ಕೆ ಗಾಡಿ ಬರುವುದಿಲ್ಲ; ಬಂದರೆ ಕೇಳಿದ ಬಣ್ಣವಿರುವುದಿಲ್ಲ; ಬೇಡದ ಸಾಮಾನುಗಳ ಬೆಲೆ ಕೊನೆಯ ಗಳಿಗೆಯಲ್ಲಿ ಲೆಕ್ಕಕ್ಕೆ ಸೇರುತ್ತದೆ; ನಂಬರು ಫಲಕ ನಾಳೆ ಬರುವುದೆಂಬ ಸಮಾಧಾನ ಮಾತ್ರ ದೊರೆಯುತ್ತದೆ. ಹೊಸ ಕಾರು ಕೊಂಡವರು ಹೇಳಿಕೊಳ್ಳುವ ಈ ದೂರುಗಳು ನಮ್ಮ ಓದುಗರಿಗೆ ಅಪರಿಚಿತವಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನರಿಗೆ ಈ ತೊಂದರೆಯು ಮತ್ತಷ್ಟು ಹೆಚ್ಚು. ಊರಲ್ಲಿ ಶಾಖೆಗಳಿದ್ದರೂ ದೊಡ್ಡ ವ್ಯವಹಾರವೆಲ್ಲ ಮಂಗಳೂರಿನಲ್ಲಿ. ಬಂಟ್ವಾಳದಿಂದ ಅಲ್ಲಿಗೆ ಸುಮಾರು 25 ಕಿಲೋಮೀಟರು, ಮೂಡುಬಿದಿರೆಯಿಂದ 35, ಬೆಳ್ತಂಗಡಿಯಿಂದ 60ಕ್ಕೂ ಮಿಗಿಲು. ಅಡಿಕೆಯ ಹುಟ್ಟುವಳಿಯಿಂದಲೋ, ಉಪಾಧ್ಯಾಯ ವೃತ್ತಿಯ ಸಂಬಳದಿಂದಲೋ, ಗಲ್ಫ್ ದೇಶಗಳಲ್ಲಿ ಬೆವರು ಸುರಿಸಿಯೋ ಕೂಡಿಸಿದ ಹಣವನ್ನು ಕಟ್ಟಿದವರು, ಒಂದು ಸಹಿಗಾಗಿ ದಿನವೊಂದನ್ನು ಕಳೆದು ಹೋಗಿ ಬರಬೇಕು. ದೂರದ ಗಿರಾಕಿಯು ಮತ್ತೆ ಮತ್ತೆ ಬಂದು ಕೇಳಲಾರನೆಂಬ ಧೈರ್ಯವೇ ಕೆಲವು ಮಾರಾಟಗಾರರ ಅಲಕ್ಷ್ಯಕ್ಕೆ ಕಾರಣವೆಂದರೆ ತಪ್ಪಾಗದು.

ನಮ್ಮ ದೇಶದ ಮೋಟಾರು ಉದ್ಯಮವು ಸ್ವದೇಶೀ ಅಭಿಮಾನದಿಂದ ಹುಟ್ಟಿದುದೆಂಬುದನ್ನು ಇಲ್ಲಿ ಸ್ಮರಿಸಬೇಕು. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿಯೇ ಕಾರು ತಯಾರಾಗಬೇಕೆಂದು ಯೋಜನೆ ಸಿದ್ಧಪಡಿಸಿದರು. ಪರಕೀಯ ಸರಕಾರದ ಸಹಾನುಭೂತಿಯಿಲ್ಲದೆ ಅದು ಅಂದು ಕೈಗೂಡಲಿಲ್ಲ. 1942ರಲ್ಲಿ ಹಿಂದುಸ್ಥಾನ್ ಮೋಟರ್ಸ್, 1944ರಲ್ಲಿ ವಾಲಚಂದ್ ಹೀರಾಚಂದರ ಪ್ರೀಮಿಯರ್ ಸಂಸ್ಥೆಗಳು ಸ್ಥಾಪನೆಯಾದವು. ಸ್ವಾತಂತ್ರ್ಯಾನಂತರ ಆಮದಿನ ನಿರ್ಬಂಧದ ಆಸರೆಯಲ್ಲಿ ಅವು ಬೆಳೆದವು. ಆ ಆಸರೆಯ ಬೆಲೆಯನ್ನು ತೆತ್ತವನು ವರ್ಷಗಟ್ಟಲೆ ಸರದಿಯಲ್ಲಿ ಕಾದ ಸಾಮಾನ್ಯ ಗಿರಾಕಿ. 1983ರ ಡಿಸೆಂಬರಿನಲ್ಲಿ ಮಾರುತಿ ಕಾರು ಬಂದ ಮೇಲೆಯೇ ಆ ಸ್ಥಿತಿ ಬದಲಾಗತೊಡಗಿತು. ಜನರ ತಾಳ್ಮೆಯಿಂದ ಬೆಳೆದ ಉದ್ಯಮವು ಇಂದು ಆ ಜನರಿಗೆ ಪ್ರಾಮಾಣಿಕತೆಯನ್ನು ಸಲ್ಲಿಸಬೇಕು. ಸ್ವದೇಶಿಯೆಂದರೆ ದೇಶದಲ್ಲಿ ತಯಾರಾದುದೆಂದು ಮಾತ್ರ ಅರ್ಥವಲ್ಲ. ದೇಶಬಾಂಧವನನ್ನು ವಂಚಿಸದೆ ಮಾರುವುದೂ ಅದರಲ್ಲಿ ಸೇರಿದೆ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಮೇರೆಗೆ, ಡೀಲರರಿರುವ ರಾಜ್ಯದಲ್ಲಿಯೇ ದಾಖಲಾಗಬೇಕಾದ ಹೊಸ ಗಾಡಿಯ ನೋಂದಣಿ ಅರ್ಜಿಯನ್ನು ಡೀಲರರೇ ಸಲ್ಲಿಸತಕ್ಕದ್ದು. ನೋಂದಣಿ ಸಂಖ್ಯೆಯನ್ನು ಗಾಡಿಯ ಮೇಲೆ ಪ್ರದರ್ಶಿಸುವ ತನಕ ಅದನ್ನು ಮಾಲೀಕನ ವಶಕ್ಕೆ ಕೊಡತಕ್ಕದ್ದಲ್ಲ. ಅರ್ಜಿ ಸಲ್ಲಿಸಲು ತಪ್ಪಿದ ಡೀಲರರಿಗೆ ಒಂದು ವರ್ಷದ ತೆರಿಗೆಯ ಹದಿನೈದು ಪಟ್ಟು ಅಥವಾ ಜೀವಿತಾವಧಿಯ ತೆರಿಗೆ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ದಂಡವುಂಟು. ವಿಮೆಯನ್ನು ಯಾವ ಕಂಪೆನಿಯಲ್ಲಿ ಮಾಡಿಸಬೇಕೆಂಬುದು ಕೊಳ್ಳುವವನ ಇಚ್ಛೆಗೆ ಬಿಟ್ಟ ಮಾತು. ಮಾರುವವನ ಬಲವಂತಕ್ಕೆ ಅಲ್ಲಿ ಎಡೆಯಿಲ್ಲ. ಇಷ್ಟೆಲ್ಲ ಇದ್ದರೂ ಹಕ್ಕನ್ನು ಅರಿಯದವನಿಗೆ ಕಾಯಿದೆಯ ಪುಸ್ತಕದಿಂದ ಏನು ಪ್ರಯೋಜನ?

ಗಿರಾಕಿಗಳೂ ನಿರ್ದೋಷಿಗಳಲ್ಲ. ಮುಹೂರ್ತ ತಪ್ಪುವುದೆಂಬ ಅವಸರದಲ್ಲಿ, ಪೂಜೆಯ ತೆಂಗಿನಕಾಯಿ ಕೈಯಲ್ಲಿರುವಾಗ, ಓದದ ಕಾಗದಗಳಿಗೆ ಸಹಿ ಹಾಕುವವರು ಅನೇಕರು. ಮುಹೂರ್ತಕ್ಕೆ ಒಂದೆರಡು ದಿನ ಮುಂಚಿತವಾಗಿ, ಹಗಲು ಬೆಳಕಿನಲ್ಲಿ, ಗಾಡಿಯನ್ನು ಪರೀಕ್ಷಿಸತಕ್ಕದ್ದು. ಎಂಜಿನಿನ ಮತ್ತು ಚಾಸಿಯ ಸಂಖ್ಯೆಗಳು ಕಾಗದದೊಡನೆ ಹೊಂದುತ್ತವೆಯೇ, ತಯಾರಾದ ತಿಂಗಳು ಯಾವುದು ಎಂಬುದನ್ನು ನೋಡಬೇಕು. ಟಯರಿನ ಮೇಲೆ ಅಚ್ಚಾದ ನಾಲ್ಕು ಅಂಕೆಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ನಮ್ಮ ಕರಾವಳಿಯ ಜಡಿಮಳೆಯಲ್ಲಿ ಬಯಲಿನಲ್ಲಿ ನಿಂತ ಗಾಡಿಗಳ ತಳಭಾಗದಲ್ಲಿ ತುಕ್ಕು ಹಿಡಿದಿದೆಯೇ ಎಂದು ಬಗ್ಗಿ ನೋಡುವುದು ಅವಮಾನವಲ್ಲ. ಗಾಡಿಯನ್ನು ಮನೆಗೆ ತಲಪಿಸುವುದಾಗಿ ಹೇಳಿದರೆ, ಹೊರಡುವಾಗ ಮೀಟರಿನಲ್ಲಿದ್ದ ಕಿಲೋಮೀಟರನ್ನು ಬರೆಯಿಸಿಕೊಳ್ಳಬೇಕು. ಹೊಸ ಎಂಜಿನಿನ ಮೊದಲ ಅರುವತ್ತು ಕಿಲೋಮೀಟರನ್ನು ಯಾರೋ ಅಪರಿಚಿತನು ಹೇಗೆ ಓಡಿಸಿದನೆಂಬುದು ಸಣ್ಣ ವಿಷಯವಲ್ಲ. ಕೊಟ್ಟ ಪ್ರತಿಯೊಂದು ರೂಪಾಯಿಗೂ ರಶೀದಿ, ಕೊಟ್ಟ ಪ್ರತಿಯೊಂದು ಮಾತಿಗೂ ಬರಹ: ಇದೇ ಸೂತ್ರ.

ಗಾಡಿ ಮನೆಗೆ ಬಂದ ಮೇಲೆ ಹೊಣೆ ಮಾಲೀಕನದು. ಕಂಬಳದ ಎಳೆಯ ಕೋಣಗಳನ್ನು ಪಳಗಿಸದೆ ಕರೆಗೆ ಇಳಿಸುವವರು ನಮ್ಮಲ್ಲಿಲ್ಲ. ಎಂಜಿನಿಗೂ ಅದೇ ನ್ಯಾಯ. ಸಿಲಿಂಡರಿನ ಒಳಮೈಯೂ ಪಿಸ್ಟನ್ನಿನ ರಿಂಗುಗಳೂ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳಲು ಕಾಲ ಬೇಕು. ಆದುದರಿಂದಲೇ ಅನೇಕ ತಯಾರಕರು ಮೊದಲ 1,000 ಕಿಲೋಮೀಟರುಗಳ ತನಕ ಎಂಜಿನನ್ನು ಅತಿವೇಗದಲ್ಲಿ ತಿರುಗಿಸಬಾರದು, ಬಹಳ ಹೊತ್ತು ಒಂದೇ ವೇಗದಲ್ಲಿ ಓಡಿಸಬಾರದು ಎಂದು ಕೈಪಿಡಿಯಲ್ಲಿ ತಿಳಿಸುತ್ತಾರೆ. ಹೊಸ ಬ್ರೇಕು ಮತ್ತು ಟಯರುಗಳು ಪೂರ್ಣ ಹಿಡಿತಕ್ಕೆ ಬರುವುದಕ್ಕೂ ಕೆಲವು ನೂರು ಕಿಲೋಮೀಟರು ಬೇಕು. ಹೊಸ ಕಾರಿನ ತುಂಬ ಬಂಧುಗಳನ್ನು ಕೂರಿಸಿ, ಮೊದಲ ವಾರದಲ್ಲಿಯೇ ಚಾರ್ಮಾಡಿ ಅಥವಾ ಶಿರಾಡಿ ಘಾಟಿಯನ್ನು ಏರಿಸುವ ಉತ್ಸಾಹವು ಹಿತಕರವಲ್ಲ. ಬಂಟ್ವಾಳದಿಂದ ಮೂಡುಬಿದಿರೆಯತ್ತ ಹೋಗುವ ಏರಿಳಿತದ, ತಿರುವುಗಳ ಹಾದಿಯಲ್ಲಿ ಹಗುರವಾದ ಭಾರದೊಡನೆ ವೇಗವನ್ನು ಆಗಾಗ ಬದಲಿಸುತ್ತ ಓಡಿಸುವುದೇ ಉತ್ತಮವಾದ ಅಭ್ಯಾಸ. ಮೊದಲ ಸರ್ವೀಸನ್ನು ಕಾಲಕ್ಕೆ ಸರಿಯಾಗಿ ಮಾಡಿಸಿ ದಾಖಲೆಯಿಟ್ಟುಕೊಳ್ಳದಿದ್ದರೆ, ಮುಂದೆ ವಾರಂಟಿಯ ತಕರಾರಿನಲ್ಲಿ ಮಾಲೀಕನ ಪಕ್ಷವೇ ದುರ್ಬಲವಾದೀತು.

ಆದರೂ ಅನ್ಯಾಯವಾದರೆ ಮಾರ್ಗವಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ, ಮಾರಿದವರು ಎಲ್ಲಿಯೇ ಇರಲಿ, ಗಿರಾಕಿಯು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬಹುದು. ಬೆಳ್ತಂಗಡಿಯ ಕೃಷಿಕನು ಬೆಂಗಳೂರಿನಲ್ಲಿ ಕಾರು ಕೊಂಡಿದ್ದರೂ ನ್ಯಾಯಕ್ಕಾಗಿ ಘಟ್ಟ ಹತ್ತಬೇಕಾಗಿಲ್ಲ.

ಆದರೆ ಪ್ರತಿಯೊಬ್ಬ ಗಿರಾಕಿಯೂ ಆಯೋಗದ ಮೆಟ್ಟಿಲೇರಿಯೇ ನ್ಯಾಯ ಪಡೆಯಬೇಕಾದರೆ ಅದು ಆಡಳಿತಕ್ಕೆ ಶೋಭೆಯಲ್ಲ. ಕೆ.ಎ. 70ರ ಗುರುತಿನ ಸಾರಿಗೆ ಕಚೇರಿ ಬಂಟ್ವಾಳದಲ್ಲಿಯೇ ಇದೆ. ಜಿಲ್ಲೆಯ ಸಾರಿಗೆ ಅಧಿಕಾರಿಗಳು ಹಬ್ಬದ ದಿನಗಳಲ್ಲಾದರೂ ಶೋರೂಮುಗಳನ್ನು ತನಿಖೆಮಾಡಿ, ಫಲಕವಿಲ್ಲದೆ ಗಾಡಿ ಹೊರಬೀಳದಂತೆ ನೋಡಿಕೊಂಡರೆ ಅರ್ಧ ದೂರುಗಳು ತಾವಾಗಿಯೇ ಅಡಗುವುವು. ಡೀಲರರು ಒಪ್ಪಿಸುವ ದಿನವನ್ನೂ ಎಲ್ಲ ವೆಚ್ಚಗಳ ಪಟ್ಟಿಯನ್ನೂ ಮುಂಗಡ ಪಡೆಯುವಾಗಲೇ ಬರೆದು ಕೊಟ್ಟರೆ ಉಳಿದರ್ಧವೂ ಇಲ್ಲವಾಗುವುದು. ಮಹಾಜನರು ಇದನ್ನು ಕೃಪೆಯೆಂದು ಬೇಡದೆ, ಹಕ್ಕೆಂದು ಕೇಳತಕ್ಕದ್ದು.